ಚಹಾ ತಂದವಳು ಹೂಂ ಅಂದಿಲ್ಲ

ನಮ್ಮ ನಾಲ್ಕು ತಾಲೂಕುಗಳ ಹೈಸ್ಕೂಲುಗಳ ಉಸ್ತುವಾರಿ ಹೊತ್ತ ಶಿಕ್ಷಣಾಧಿಕಾರಿಗಳಿಗೆ

ಶಿಗ್ಗಾಂವಿ, ಜೂನ್ ೧೯೮೪

ಮಾನ್ಯರೇ,

ಹಾನಗಲ್ಲ ತಾಲೂಕಿನ ಹದಿನೈದು ವರ್ಷದ ಹುಡುಗಿಯೊಬ್ಬಳು ತನ್ನ ಶಿಕ್ಷಕನ ಮೇಲೆ ಕೊಟ್ಟ ದೂರನ್ನು ತಮ್ಮ ಕಚೇರಿ ಈ ವರ್ಷದ ಸುಗ್ಗಿಯ ದಿನಗಳಲ್ಲಿ ವಿಚಾರಣೆ ಮಾಡಿತು. ಆ ವರದಿಯ ಕೊನೆಯಲ್ಲಿ "ವಿದ್ಯಾರ್ಥಿನಿಯ ಸಮ್ಮತಿ ಇದ್ದಂತೆ ಕಂಡುಬರುತ್ತದೆ" ಎಂಬ ವಾಕ್ಯವಿದೆ. ಆ ವಾಕ್ಯ ಸುಳ್ಳು. ಅದನ್ನು ಹೊಡೆದು ಹಾಕಿ, ಆ ಹುಡುಗಿಯ ಮಾತನ್ನು ಮತ್ತೊಮ್ಮೆ ಸರಿಯಾಗಿ ಕೇಳಬೇಕು ಎಂದು ಒತ್ತಾಯಿಸಲು ಈ ಪತ್ರ ಬರೆಯುತ್ತಿದ್ದೇನೆ. ತಮಗೆ ಖಾಸಗಿಯಾಗಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಒಂದು ವಾಕ್ಯಕ್ಕೆ ಇಷ್ಟೇಕೆ ಗಲಾಟೆ ಎಂದು ತಾವು ಕೇಳಬಹುದು. ಆ ವಾಕ್ಯ ತುಂಬ ಕೆಲಸ ಮಾಡಿದೆ, ಮಾನ್ಯರೇ. ತಮ್ಮ ಕಚೇರಿಯ ಎಲ್ಲ ಸಿಬ್ಬಂದಿಗಿಂತ ಚುರುಕಾಗಿ ಮಾಡಿದೆ. ಅದರ ಬಲದಿಂದ ಆ ಶಿಕ್ಷಕನ ಮೇಲೆ ಯಾವ ಕ್ರಮವೂ ಆಗಲಿಲ್ಲ. "ಆಡಳಿತಾತ್ಮಕ ಕಾರಣ"ಗಳಿಂದ ಹಿರೇಕೆರೂರು ತಾಲೂಕಿನ ಇನ್ನೊಂದು ಶಾಲೆಗೆ ವರ್ಗವಾಯಿತು, ಅಷ್ಟೆ. ಹಿರೇಕೆರೂರು ತಾಲೂಕಿನಲ್ಲಿ ಹುಡುಗಿಯರೇ ಇಲ್ಲವೆಂದು ತಮಗೆ ಯಾರು ಹೇಳಿದರು? ಈ ತಿಂಗಳು ಶಾಲೆ ತೆರೆದಾಗ ಅದೇ ವಾಕ್ಯವನ್ನು ಓದಿ ಹೇಳಿ ಮುಖ್ಯೋಪಾಧ್ಯಾಯರು ಆ ಹುಡುಗಿಯನ್ನು ಹತ್ತನೆಯ ತರಗತಿಗೆ ಸೇರಿಸಿಕೊಳ್ಳದೆ ಅವಳ ತಂದೆಯನ್ನು ವಾಪಸ್ಸು ಕಳಿಸಿದ್ದಾರೆ. ಉಳಿದ ಹುಡುಗಿಯರು ಕೆಡುತ್ತಾರಂತೆ. ಶಾಲೆ ಬಿಟ್ಟ ಹುಡುಗಿಗೆ ನಮ್ಮ ಕಡೆ ಮುಂದೆ ಏನು ಕಾದಿರುತ್ತದೆ ಎನ್ನುವುದು ತಮಗೂ ಗೊತ್ತು. ವರ ಹುಡುಕುವ ಮಾತು ಆ ಮನೆಯಲ್ಲಿ ಆಗಲೇ ಶುರುವಾಗಿದೆ.

ಮುಂದೆ ಬರೆಯುವ ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು. ಈ ಪತ್ರ ಬರೆಯಲು ಅವಳ ಅನುಮತಿ ಕೇಳಿದ್ದೇನೆ. ಅವಳು ಒಂದು ಇಡೀ ದಿನ ಯೋಚಿಸಿ ಹೂಂ ಅಂದಳು, ಕೆಲವು ಕರಾರುಗಳ ಮೇಲೆ. ಹೆಸರು ಬೇಡ, ಊರು ಬೇಡ. "ವೀರವ್ವ ಅಂತ ಬರೀರಿ ಅಕ್ಕಾರ. ನಮ್ಮ ಮುತ್ಯಾನ ಅವ್ವನ ಹೆಸರದು. ಆಕಿ ಯಾರಿಗೂ ಹೆದರ್ತಿದ್ದಿಲ್ಲಂತ," ಎಂದಳು. ಹಾಗಾಗಿ ಇಲ್ಲಿ ಅವಳು ವೀರವ್ವ. ಆ ಶಿಕ್ಷಕನ ಮನೆಯಲ್ಲಿ, ಗಣಿತದ ಟ್ಯೂಷನ್ನಿನ ಸಮಯದಲ್ಲಿ, ಉಳಿದ ಮಕ್ಕಳು ಹೋದ ಮೇಲೆ ಏನಾಯಿತು ಎಂಬುದನ್ನು ಬರೆಯಬಾರದು ಎಂದಿದ್ದಾಳೆ; ಬರೆಯುವುದಿಲ್ಲ. ನನಗೆ ಹೇಳಿದ್ದಾಳೆ, ಅದು ಅಪರಾಧ, ಇಷ್ಟು ಸಾಕು. ವಿಚಾರಣೆಯ ದಿನ ನಡೆದದ್ದನ್ನು ಮಾತ್ರ ಒಂದೂ ಬಿಡದೆ ಬರೆಯಬೇಕು ಎಂದಿದ್ದಾಳೆ. ಕೇಳಿ ಪಡೆದ ಒಪ್ಪಿಗೆ ಹೇಗಿರುತ್ತದೆ ನೋಡಿ, ಮಾನ್ಯರೇ. ಅದಕ್ಕೊಂದು ಆರಂಭವಿದೆ, ಒಂದು ಗಡಿಯಿದೆ. ಇಷ್ಟಕ್ಕೆ ಹೌದು, ಅಷ್ಟಕ್ಕೆ ಅಲ್ಲ ಎನ್ನಲು ಅದರಲ್ಲಿ ಜಾಗವಿದೆ. ಇದನ್ನು ಹದಿನೈದು ವರ್ಷದ ಹುಡುಗಿ ನನ್ನ ಮುಂದೆ ಕುಳಿತು ಮಾಡಿ ತೋರಿಸಿದಳು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ಇಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರರ ಹೆಂಡತಿ ನಾನು. ಕೆಲವು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದೆ. ತಮಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಕೊಟ್ಟ ಅನುಮತಿಯ ಮೇಲೆ ಮೂರು ವರ್ಷಗಳಿಂದ ಶನಿವಾರಗಳಂದು ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲೂಕುಗಳ ಹೈಸ್ಕೂಲುಗಳಿಗೆ ಬಸ್ಸಿನಲ್ಲಿ ಹೋಗಿ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳೊಂದಿಗೆ ಮಾತಾಡುತ್ತಿದ್ದೆ. ಬೆಳೆಯುವ ಮೈ, ಸ್ನೇಹ, ಇನ್ನೊಬ್ಬರ ಮೈಮೇಲೆ ಯಾರಿಗೆ ಹಕ್ಕು, ಯಾರಾದರೂ ಹಿಂಸೆ ಮಾಡಿದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಇಂಥ ಮಾತು. ತಾವು ಬಂದ ಮೇಲೆ, ಈ ದೂರಿನ ನಂತರ, ಆ ಅನುಮತಿ ರದ್ದಾಯಿತು. "ಹದಿಹರೆಯದವರ ಮುಂದೆ ಅನುಚಿತ ವಿಷಯಗಳ ಪ್ರಸ್ತಾಪ" ಎಂಬುದು ತಮ್ಮ ಮಾತು. ಅನುಚಿತ ಕೆಲಸ ಮಾಡಿದವನಿಗೆ ವರ್ಗಾವಣೆ, ಅನುಚಿತ ಮಾತಾಡಿದವಳಿಗೆ ನಿಷೇಧ. ತಕ್ಕಡಿ ಸರಿಯಾಗಿದೆ ಎಂದು ತಮಗೆ ಅನ್ನಿಸುತ್ತದೆಯೇ?

ಆ ಅನುಚಿತ ಮಾತು ಹೇಗಿರುತ್ತಿತ್ತು ಎಂದು ತಾವು ಒಮ್ಮೆಯೂ ಬಂದು ಕೇಳಿದವರಲ್ಲ. ಸವಣೂರಿನ ಒಂದು ತರಗತಿಯನ್ನು ಹೇಳುತ್ತೇನೆ. ಇನ್ನೊಬ್ಬರ ಸೈಕಲ್ ಬೇಕಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಮುಂದಿನ ಬೆಂಚಿನ ಕುಬೇರಪ್ಪ, "ಕೇಳ್ತೇವ್ರಿ," ಎಂದ.

"ಅವನು ಏನೂ ಅನ್ನದೆ ಸುಮ್ಮನಿದ್ದರೆ?"

"ತಗೊಂಡು ಹೋಗ್ತೇವ್ರಿ ಅಕ್ಕಾರ. ಬ್ಯಾಡ ಅಂದಿಲ್ಲಲ್ರಿ ಮತ್ತ?"

ಹಿಂದಿನಿಂದ ಹಯಾತ ಎದ್ದು ನಿಂತ. "ಹೋದ ವಾರ ನನ್ನ ಸೈಕಲ್ ಹಂಗ ಒಯ್ದಾನ್ರಿ ಇವ! ಬಾಯಿತುಂಬ ಬೋಂಡಾ ಇತ್ರಿ ನಂದು, ಹೆಂಗ ಮಾತಾಡ್ಲಿ?"

ತರಗತಿ ನಕ್ಕಿತು. ನಗು ಇಳಿಯುವ ಮೊದಲೇ ಹುಡುಗಿಯರ ಸಾಲಿನಿಂದ ನಸೀರಾ ಕೇಳಿದಳು: "ಏ ಕುಬೇರಪ್ಪ, ಗಣಿತದ ಪರೀಕ್ಷಾದಾಗ ಏನೂ ಬರೀಲಾರದ ಖಾಲಿ ಪೇಪರ ಕೊಟ್ಟು ಬಂದಿದ್ದೆಲ್ಲ, ಸರ ನೂರಕ್ಕ ನೂರು ಹಾಕಿದ್ರೇನು?"

ಕುಬೇರಪ್ಪ ಸ್ವಲ್ಪ ಹೊತ್ತು ಬೆಂಚು ಕೆರೆದ. "ಸೊನ್ನಿ ಹಾಕಿದ್ರು."

"ಮತ್ತ?"

ಆ "ಮತ್ತ?" ಎನ್ನುವುದರ ಮುಂದೆ ನನ್ನ ಇಡೀ ಪಾಠ ಸಪ್ಪೆಯಾಯಿತು. ಉತ್ತರ ಬರೆಯದ ಹಾಳೆಗೆ ಯಾರೂ ಅಂಕ ಕೊಡುವುದಿಲ್ಲ. ತಾವು ಇಡೀ ಇಲಾಖೆಯನ್ನು ನಡೆಸುವುದೇ ಈ ನಿಯಮದ ಮೇಲೆ. ಹುಡುಗಿಯೊಬ್ಬಳ ಖಾಲಿ ಉತ್ತರವನ್ನು ಮಾತ್ರ ತಮ್ಮ ಕಚೇರಿ ಹೇಗೆ ಪೂರ್ತಿ "ಹೌದು" ಎಂದು ತಿದ್ದಿತು?

ಎಲ್ಲ ಶನಿವಾರಗಳೂ ಹೀಗೆ ನಗುವಿನಲ್ಲಿ ಮುಗಿಯುತ್ತಿರಲಿಲ್ಲ. ಅದೇ ದಿನ ಮಕ್ಕಳೆಲ್ಲ ಹೊರಟಾಗ ಜನ್ನತಬಿ ಎಂಬ ಹುಡುಗಿ ಹಿಂದೆ ಉಳಿದಳು. "ಅಕ್ಕಾರ, ಬ್ಯಾಡ ಅನ್ನಾಕ ಬಾಯಿನ ಬರಲಿಲ್ಲ ಅಂದ್ರ?" ಎಂದಳು. ಬಾಯಿ ಬರದಿದ್ದರೂ ಅದು ಹೂಂ ಅಲ್ಲ, ತಪ್ಪು ಅವನದೇ, ನಿನ್ನದಲ್ಲ ಎಂದೆ. ಸರಿಯಾದ ಉತ್ತರವೇ. ಆದರೆ ಆ ಉತ್ತರವನ್ನು ನಾನು ಎಲ್ಲಿಂದ ತಂದೆ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಇಂಗ್ಲಿಷ್ ಮಾಧ್ಯಮದ ಕಾನ್ವೆಂಟ್ ಶಾಲೆಯಲ್ಲಿ ಓದಿದವಳು ನಾನು. ಅಲ್ಲಿ ಎದ್ದು ನಿಂತು ಮಾತಾಡುವುದನ್ನು ಕಲಿಸಿದರು, ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದೆ. ಶರೀರಶಾಸ್ತ್ರದ ಒಂದು ಪಾಠ ಬಂದಾಗ ಮಾತ್ರ ಸಿಸ್ಟರು ಅದನ್ನು ಮನೆಯಲ್ಲಿ ಓದಿಕೊಳ್ಳಿ ಎಂದರು. ಮನೆಯಲ್ಲಿ ನಮ್ಮ ಅಜ್ಜಿ ಕೃಷ್ಣಾಬಾಯಿಯವರು ಚಿತ್ರ ನೋಡಿ ಪುಸ್ತಕವನ್ನೇ ಅಟ್ಟಕ್ಕೆ ಏರಿಸಿಬಿಟ್ಟರು. ಎರಡು ಭಾಷೆಗಳಲ್ಲಿ ಓದಿದ ನನಗೆ ಎರಡರಲ್ಲೂ ಯಾರೂ ಹೇಳಿಕೊಡದ ವಿಷಯವನ್ನು ನಾನು ಈ ಮಕ್ಕಳಿಗೆ ಹೇಳಲು ಹೊರಟಿದ್ದೆ. ಎಷ್ಟು ಸರಿಯಾಗಿ ಹೇಳಿದೆನೋ, ಈಗಲೂ ಅನುಮಾನವಿದೆ.

ವೀರವ್ವನ ಶಾಲೆಗೆ ಹೋದಾಗ ಮಕ್ಕಳಿಗೆ ಒಂದು ಮಾತು ಹೇಳಿದ್ದೆ. ಗೆಳತಿಯೊಬ್ಬಳು ಬಂದು ಇಂಥದ್ದಾಯಿತು ಎಂದರೆ ಮೊದಲು ನಂಬಿ. ಯಾಕೆ ಹೋದೆ, ಏನು ಉಟ್ಟಿದ್ದೆ ಎಂದು ಕೇಳಬೇಡಿ. ನಿನ್ನ ತಪ್ಪಲ್ಲ ಎನ್ನಿ. ಆಮೇಲೆ, ಯಾರಿಗೆ ಹೇಳೋಣ ಎಂದು ಅವಳನ್ನೇ ಕೇಳಿ. ಕೆಲವು ವಾರಗಳ ನಂತರ ವೀರವ್ವ ತನ್ನ ಗೆಳತಿಗೆ ಹೇಳಿದಳು. ಆ ಗೆಳತಿ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಇಬ್ಬರೂ ನನ್ನ ಹತ್ತಿರ ಬಂದರು. ಪೊಲೀಸ್ ಠಾಣೆಗೆ ಹೋಗೋಣ ಎಂದೆ. ನಾನು ಜೊತೆಗಿರುತ್ತೇನೆ ಎಂದೆ. ಅವಳ ತಂದೆ, ಇಲ್ಲಿ ಗುಡ್ಡಪ್ಪ ಎಂದು ಕರೆಯುತ್ತೇನೆ, ಖಂಡಿತ ಬೇಡ ಎಂದರು. "ಠಾಣೇದ ಮೆಟ್ಲ ಹತ್ತಿದ್ರ ಊರಿಗೆಲ್ಲಾ ಗೊತ್ತಾಕ್ಕೇತ್ರಿ. ಸಾಲಿ ವಿಷಯ, ಸಾಲಿ ಸಾಹೇಬ್ರಿಗೆ ಹೇಳೂಣು. ಅವ್ರು ಕಲ್ತವ್ರು," ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ದೂರು ತಮ್ಮ ಕಚೇರಿಗೆ ಬಂತು. ಕಲಿತವರು ಎಂಬ ನಂಬಿಕೆಯಿಂದ ಬಂತು. ಅದನ್ನು ತಾವು ದಯವಿಟ್ಟು ನೆನಪಿಡಬೇಕು.

ಇನ್ನು ಆ ವಿಚಾರಣೆ.

ಸಾಹೇಬರು ನಾಳೆ ಬರುತ್ತಾರೆ, ಹುಡುಗಿಯನ್ನು ಮನೆಯಲ್ಲಿರಿಸಿ ಎಂದು ಮುಖ್ಯೋಪಾಧ್ಯಾಯರು ಹೇಳಿ ಕಳಿಸಿದರು. ಶಾಲೆಯಲ್ಲಿ ವಿಚಾರಣೆ ಮಾಡಿದರೆ ಶಾಲೆಯ ಹೆಸರು ಕೆಡುತ್ತದೆ ಎಂದು ಮನೆಯನ್ನು ಆರಿಸಿದರಂತೆ. ವೀರವ್ವನ ತಾಯಿಯ ಜಾಗದಲ್ಲಿ ತಾವು ನಿಂತು ಯೋಚಿಸಿ. ಹೊರಗಿನ ಗಂಡಸರು, ಇಸ್ತ್ರಿ ಅಂಗಿಯವರು, ಗಾಡಿ ಮಾಡಿಕೊಂಡು ಮನೆಗೆ ಬರುತ್ತಾರೆ, ಪಡಸಾಲೆಯಲ್ಲಿ ಕೂರುತ್ತಾರೆ, ಮಗಳನ್ನು ಕರೆಸಿ ಪ್ರಶ್ನೆ ಕೇಳುತ್ತಾರೆ. ಇಂಥ ಸಂದರ್ಭ ಆ ತಾಯಿಯ ಬದುಕಿನಲ್ಲಿ ಒಂದೇ ಒಂದು. ಕನ್ಯಾ ನೋಡಲು ಬರುವುದು. ಬಂದವರು ಅದಕ್ಕಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮತ್ತೆ ಹೇಗೆ ಬರಮಾಡಿಕೊಳ್ಳಬೇಕು ಎಂಬುದು ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ. ಹಾಗಾಗಿ ಪಡಸಾಲೆ ಸಾರಿಸಿದಳು, ಜಮಖಾನೆ ಹಾಸಿದಳು, ಪಕ್ಕದ ಮನೆಯ ಫಕ್ಕೀರವ್ವನಿಂದ ಚಹಾದ ಕಪ್ಪು-ಬಸಿಗಳನ್ನು ತಂದಳು, ಅವಲಕ್ಕಿ ಕಲಸಿದಳು. ಮಗಳಿಗೆ ತನ್ನ ಇಳಕಲ್ ಸೀರೆ ಉಡಿಸಿ, ತಲೆ ಬಾಚಿ, ಅಬ್ಬಲಿಗೆ ಹೂ ಮುಡಿಸಿದಳು.

ನಾನು ಮೊನ್ನೆ ಹೋದಾಗ ಇದನ್ನೆಲ್ಲ ಹೇಳುತ್ತ ಆ ತಾಯಿ ಅತ್ತಳು. "ಬಂದವ್ರಿಗೆ ಚಹಾ ಕೊಡದ ಕಳಸಾಕ ಬರ್ತೇತೇನ್ರಿ ಅಕ್ಕಾರ? ಚೊಲೋ ಮನಿತನದ ಹುಡುಗಿ ಅಂತ ಅವ್ರಿಗೆ ಗೊತ್ತಾಗ್ಲಿ, ನನ್ನ ಮಗಳ ಮಾತು ನಂಬ್ಲಿ ಅಂತ ಉಡಿಸಿದ್ನಿ. ನಾ ಏನ್ ತಪ್ಪ ಮಾಡಿದ್ನಿ ಹೇಳ್ರಿ."

ಗಾಡಿಯಿಂದ ನಾಲ್ಕು ಜನ ಇಳಿದರು. ತಮ್ಮ ಕಚೇರಿಯ ಇಬ್ಬರು, ಮುಖ್ಯೋಪಾಧ್ಯಾಯರು, ನಾಲ್ಕನೆಯವನು ಆ ಶಿಕ್ಷಕ. ಹೌದು ಮಾನ್ಯರೇ, ಅವನೂ. ಎದುರುಬದುರು ಕೇಳಿದರೆ ಸತ್ಯ ಹೊರಬರುತ್ತದೆ ಎಂದು ಕರೆತಂದರಂತೆ. ನಾಲ್ವರಿಗೂ ಕುರ್ಚಿ ಹಾಕಲಾಯಿತು. ಒಳಗಿನಿಂದ ವೀರವ್ವ ಚಹಾದ ತಾಟು ಹಿಡಿದು ಬಂದಳು. ಇಟ್ಟು ನಮಸ್ಕಾರ ಮಾಡವಾ ಎಂದು ತಾಯಿ ಬಾಗಿಲಿನ ಹಿಂದಿನಿಂದ ರೂಢಿಯ ಪ್ರಕಾರ ಹೇಳಿದಳು. ಹುಡುಗಿ ತಾಟು ಇಟ್ಟು ಸಾಲಾಗಿ ನಾಲ್ವರ ಕಾಲಿಗೂ ಬಿದ್ದಳು. ತಮ್ಮ ಹಿರಿಯ ನೌಕರರು "ಮುತ್ತೈದಿಯಾಗು" ಎಂದು ಹರಸಿದರು. ಅವರ ನಾಲಿಗೆಗೂ ಆ ಸಂದರ್ಭದಲ್ಲಿ ಇನ್ನೇನು ಹೇಳಬೇಕೆಂದು ಗೊತ್ತಿರಲಿಲ್ಲ. ಮತ್ತೆ ತಾಟು ಎತ್ತಿಕೊಂಡು ಒಬ್ಬೊಬ್ಬರ ಮುಂದೆ ಹಿಡಿದಳು. ನಾಲ್ಕನೆಯ ಕಪ್ಪನ್ನು ಅವನು ಎತ್ತಿಕೊಳ್ಳುವ ಮೊದಲು ಪ್ರಶ್ನೆ ಬಂತು.

"ಏನವಾ, ಈ ಸರ್ ಮ್ಯಾಲ ನಿಂದೇನರ ತಕರಾರ ಐತೇನು?"

ಅವಳು ತಲೆ ತಗ್ಗಿಸಿದ್ದಳು. ಏನೂ ಹೇಳಲಿಲ್ಲ. ಚಹಾ ಬಸಿಗೆ ತುಳುಕಿತು. "ನಾಚತಾಳ. ಸಣ್ಣ ಹುಡುಗಿ, ಇನ್ನೇನ್ ಕೇಳೂದು ಬಿಡ್ರಿ," ಎಂದರು ತಮ್ಮ ಹಿರಿಯ ನೌಕರರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಫಕ್ಕೀರವ್ವ ನನ್ನ ಮುಂದೆ ಅವರ ಧ್ವನಿಯನ್ನೇ ಅನುಕರಿಸಿ ತೋರಿಸಿದಳು. ಆಮೇಲೆ ತನ್ನ ಧ್ವನಿಯಲ್ಲಿ ಹೇಳಿದಳು: "ಅವಲಕ್ಕಿ ಎರಡ ಸಲ ಹಾಕಿಸ್ಕೊಂಡ್ರು ನೋಡ್ರಿ ಬಾಯಾರ. ಪ್ರಶ್ನೆ ಮಾತ್ರ ಒಂದ ಸಲ ಕೇಳಿದ್ರು." ಗಾಡಿ ಹೋದ ಮೇಲೆ ಓಣಿಯ ಇನ್ನೊಂದು ತುದಿಯ ಹೆಂಗಸರು ಬಂದು, ಕನ್ಯಾ ಒಪ್ಪಿದರೇನು ಎಂದು ಕೇಳಿದರಂತೆ. ಒಪ್ಪಿದಳು ಎಂದು ವರದಿ ಬರೆದದ್ದು ಆಗ ಯಾರಿಗೂ ಗೊತ್ತಿರಲಿಲ್ಲ.

ನಾನು ವೀರವ್ವನನ್ನು ಕೇಳಿದೆ, ನೀನು ತಲೆ ಯಾಕೆ ತಗ್ಗಿಸಿದ್ದೆ ಎಂದು. ಕೇಳಲೋ ಬೇಡವೋ ಎಂದು ತುಂಬ ಹೊತ್ತು ಅಳುಕಿದ್ದೆ; ಅವಳಿಗೆ ನನ್ನ ಪ್ರಶ್ನೆ ವಿಚಿತ್ರವೆನಿಸಿತು.

"ಕೈಯಾಗ ತಾಟ ಇತ್ತಲ್ರಿ. ಕಪ್ಪು ನಮ್ಮವಲ್ಲ, ಫಕ್ಕೀರವ್ವನವು. ಬಿದ್ದು ಒಡದಾವು ಅಂತ ತಾಟ ನೋಡ್ಕೋಂತ ನಿಂತಿದ್ನಿ."

ಇಷ್ಟೇ, ಮಾನ್ಯರೇ. ತಮ್ಮ ವರದಿಯ ಸಮ್ಮತಿಯ ಮೂಲ ಇದು. ತನಗೆ ಹಿಂಸೆ ಮಾಡಿದವನ ಮುಂದೆ ಬಾಗಿ ನಿಂತ ಹುಡುಗಿ, ನೆರೆಮನೆಯ ಕಪ್ಪು ಒಡೆಯದಿರಲಿ ಎಂದು ತಾಟಿನ ಮೇಲೆ ಕಣ್ಣಿಟ್ಟದ್ದು. ಅವಳ ಕೈಯಿಂದ ಆ ತಾಟನ್ನು ಇಸಿದುಕೊಳ್ಳುವ ಬುದ್ಧಿ ನಾಲ್ಕು ಕುರ್ಚಿಗಳಲ್ಲಿ ಒಂದಕ್ಕೂ ಬರಲಿಲ್ಲ.

ತಮ್ಮ ನೌಕರರು ದುಷ್ಟರು ಎಂದು ನಾನು ಹೇಳುತ್ತಿಲ್ಲ. ಹಾಗೆಂದುಬಿಟ್ಟರೆ ನನಗೂ ಸುಲಭ, ತಮಗೂ ಸುಲಭ. ಅವರಿಬ್ಬರನ್ನು ಇನ್ನೆಲ್ಲಿಗೋ ವರ್ಗ ಮಾಡಿ ತಾವು ಕೈ ತೊಳೆದುಕೊಳ್ಳಬಹುದು. ನನ್ನನ್ನು ಕಾಡುವುದು ಬೇರೆ. ಆ ಕುರ್ಚಿಯಲ್ಲಿ ನಾನಿದ್ದರೆ ಸರಿಯಾಗಿ ಓದುತ್ತಿದ್ದೆನೇ? ಇಪ್ಪತ್ತೆರಡು ವರ್ಷದ ಹಿಂದೆ ನನ್ನನ್ನು ನೋಡಲು ಬಂದಾಗ ನಾನೂ ತಲೆ ತಗ್ಗಿಸಿ ಕುಳಿತಿದ್ದೆ. ಚರ್ಚಾಸ್ಪರ್ಧೆಯ ಕಪ್ಪುಗಳು ಹಿಂದಿನ ಗೂಡಿನಲ್ಲೇ ಸಾಲಾಗಿದ್ದವು. ಹುಡುಗ ಒಪ್ಪಿಗೆಯೇ ಎಂದು ನಮ್ಮ ದೊಡ್ಡಪ್ಪ ಕೇಳಿದರು. ನಾನು ಜಮಖಾನೆಯ ಮೇಲೆ ಅವಲಕ್ಕಿಯ ಕಾಳೊಂದನ್ನು ಎಳೆದುಕೊಂಡು ಹೋಗುತ್ತಿದ್ದ ಇರುವೆಯನ್ನು ನೋಡುತ್ತಿದ್ದೆ. "ನಾಚಿಕೊಂಡ್ಳು, ಆತು ಬಿಡ್ರಿ," ಎಂದು ಎಲ್ಲರೂ ಎದ್ದರು. ಹುಡುಗ ನನಗೆ ಹಿಡಿಸಿದ್ದ. ಅವರೇ ನನ್ನ ಯಜಮಾನರು ಗುರುರಾಜರು, ಈ ಪತ್ರವನ್ನು ಮೊದಲು ಓದಿದವರೂ ಅವರೇ. ಆದರೆ ಅದು ಯಾರಿಗೆ ಗೊತ್ತಿತ್ತು? ಇರುವೆಗೂ ಗೊತ್ತಿರಲಿಲ್ಲ. ಅಂದು ಎಲ್ಲರೂ ಊಹಿಸಿದ್ದು ಸರಿಯಾಯಿತು, ಅದು ನನ್ನ ಪುಣ್ಯ. ಹೆಣ್ಣುಮಕ್ಕಳ ಬಗ್ಗಿದ ಕತ್ತನ್ನು ನೋಡಿ ನಮಗೆ ಬೇಕಾದ ಉತ್ತರ ಓದಿಕೊಳ್ಳುವ ಈ ಅಭ್ಯಾಸ ನಮ್ಮೆಲ್ಲರ ಪಡಸಾಲೆಯದು. ಶುಭಕಾರ್ಯಕ್ಕೆಂದು ಬೆಳೆಸಿಕೊಂಡ ಅಭ್ಯಾಸವನ್ನು ತಮ್ಮವರು ಗಾಡಿಯಲ್ಲಿ ಕೂರಿಸಿಕೊಂಡು ಅಪರಾಧದ ವಿಚಾರಣೆಗೆ ಒಯ್ದರು. ಅಲ್ಲಿಯೂ ಅದು ತನಗೆ ಗೊತ್ತಿರುವ ಒಂದೇ ಉತ್ತರ ಕೊಟ್ಟಿತು.

ಇನ್ನೊಂದು ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ: ಮಕ್ಕಳಿಗೆ ಹೀಗೆ ಕಲಿಸಿದ್ದು ಸರಿಯೇ? ಹೇಳಿ, ಹೇಳಿದರೆ ಕೇಳುವವರು ಇರುತ್ತಾರೆ ಎಂದು ಮೂರು ವರ್ಷ ಮಕ್ಕಳಿಗೆ ಕಲಿಸಿದೆ. ಕೇಳುವವರು ಹೇಗಿರುತ್ತಾರೆ ಎಂದು ನೋಡದೆಯೇ ಕಲಿಸಿದೆ. ವೀರವ್ವ ಹೇಳದೆ ಇದ್ದಿದ್ದರೆ ಇಂದು ಹತ್ತನೆಯ ತರಗತಿಯಲ್ಲಿ ಕುಳಿತಿರುತ್ತಿದ್ದಳು. ಇದನ್ನು ಅವಳೆದುರು ಬಾಯಿಬಿಟ್ಟು ಅಂದೆ ಕೂಡ. ಅವಳು ಒಪ್ಪಲಿಲ್ಲ. "ಕುಂತಿರ್ತಿದ್ನಿ ಖರೆ. ಅವನ ಗಣಿತ ಕೇಳ್ಕೋಂತ ಕುಂತಿರ್ತಿದ್ನಿ," ಎಂದಳು. ಈ ಉತ್ತರದಿಂದ ನನಗೆ ಸಮಾಧಾನವಾಯಿತು ಎಂದರೆ ಸುಳ್ಳಾಗುತ್ತದೆ.

ಕಾನೂನಿನ ಮಾತು. ನನ್ನ ಅಣ್ಣ ಪ್ರಹ್ಲಾದ ವಕೀಲ. ವರದಿಯ ವಾಕ್ಯವನ್ನು ಅವನಿಗೆ ಹೇಳಿದಾಗ, ಹುಡುಗಿಯ ವಯಸ್ಸೆಷ್ಟು ಎಂದು ಮೊದಲು ಕೇಳಿದ. ಹದಿನೈದು ಎಂದೆ. ಹದಿನಾರು ತುಂಬದ ಹುಡುಗಿ ಬಾಯಿಬಿಟ್ಟು ಹೂಂ ಅಂದರೂ ಇಂಥ ಅಪರಾಧದಲ್ಲಿ ಕಾನೂನು ಅದನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ, ತಮ್ಮ ಕಚೇರಿಯವರು ಹೂಂ ಅನ್ನದವಳದ್ದನ್ನೂ ಎಣಿಸಿದ್ದಾರೆ ಎಂದು ನಕ್ಕ. ಸಂತೋಷದ ನಗೆಯಾಗಿರಲಿಲ್ಲ. ಕಳೆದ ವರ್ಷದ ಕೊನೆಗೆ ದಿಲ್ಲಿಯಲ್ಲಿ ಅತ್ಯಾಚಾರದ ಕಾನೂನನ್ನೇ ತಿದ್ದಿದರು. ಹೆಂಗಸರು ಬೀದಿಗೆ ಬಂದು ಕೇಳಿದ ಮೇಲೆ ತಿದ್ದಿದರು. ಆ ಸುದ್ದಿ ಓದಿದ ದಿನ ನಮ್ಮ ಮಕ್ಕಳಿಗೆ ಅದನ್ನು ಹೇಗೆ ತಿಳಿಸಲಿ ಎಂದು ನಾನು ಖುಷಿಯಿಂದ ಲೆಕ್ಕ ಹಾಕುತ್ತಿದ್ದೆ. ಅದಾಗಿ ಸುಗ್ಗಿ ಬರುವಷ್ಟರಲ್ಲಿ ತಮ್ಮವರ ಗಾಡಿ ಆ ಓಣಿಗೆ ಬಂತು.

ದೂರಿನ ನಂತರ ಎಲ್ಲ ಶಾಲೆಗಳಿಗೆ ತಾವು ಕಳಿಸಿದ ಸುತ್ತೋಲೆಯನ್ನೂ ಓದಿದ್ದೇನೆ. ಹುಡುಗಿಯರು ಟ್ಯೂಷನ್ನಿಗೆ ಹೋಗಕೂಡದು. ಹುಡುಗಿಯರು ಎರಡು ಜಡೆ ಹೆಣೆದು ಮೇಲೆ ಕಟ್ಟಬೇಕು. ಹುಡುಗಿಯರು ಗಂಭೀರವಾಗಿ ವರ್ತಿಸಬೇಕು. ಜಡೆ ಮೇಲೆ ಕಟ್ಟಿದರೆ ಯಾವ ಗಂಡಸಿನ ಕೈ ಕೆಳಗಿಳಿಯುತ್ತದೆ ಎಂಬ ಸಂಶೋಧನೆಯನ್ನು ತಾವು ಎಲ್ಲಿ ಮಾಡಿದಿರೋ ತಿಳಿಯದು. ಇಡೀ ಸುತ್ತೋಲೆಯಲ್ಲಿ ಶಿಕ್ಷಕರಿಗೆ ಒಂದು ಸೂಚನೆಯಿಲ್ಲ, ಹುಡುಗರಿಗೆ ಒಂದು ಮಾತಿಲ್ಲ. ಕುಬೇರಪ್ಪ ಕೆಟ್ಟ ಹುಡುಗನಲ್ಲ, ಮಾನ್ಯರೇ. ಸುಮ್ಮನಿದ್ದವರ ಸೈಕಲ್ ಒಯ್ಯಬಹುದು ಎಂದುಕೊಂಡಿದ್ದ; ತಪ್ಪು ಎಂದು ಗೊತ್ತಾದಾಗ ಅದನ್ನು ಒಪ್ಪಿಕೊಳ್ಳಲು ಹಯಾತನ ಹತ್ತಿರ ಹೋಗಿ ನಿಂತ. ಅದನ್ನು ನಾನು ಕಣ್ಣಾರೆ ಕಂಡೆ. ಇಂಥ ಹುಡುಗರಿಗೆ ಈ ವಯಸ್ಸಿನಲ್ಲಿ ಯಾರಾದರೂ ಹೇಳಬೇಕು. ಯಾರೂ ಹೇಳದೆ ಬೆಳೆದವರು ಮುಂದೆ ಯಾವ ಯಾವ ಕುರ್ಚಿಗಳಲ್ಲಿ ಕೂರುತ್ತಾರೆ ಎಂಬುದನ್ನು ಆ ಪಡಸಾಲೆಯಲ್ಲಿ ನೋಡಿದೆವಲ್ಲ.

ಆದ್ದರಿಂದ ನನ್ನ ಒತ್ತಾಯ. ಆ ವಾಕ್ಯವನ್ನು ಹೊಡೆದು ಹಾಕಿ. ವೀರವ್ವನನ್ನು ಈ ತಿಂಗಳೇ ಹತ್ತನೆಯ ತರಗತಿಗೆ ಸೇರಿಸಿಕೊಳ್ಳಲು ಆದೇಶ ಕೊಡಿ. ತಡವಾದರೆ ಆದೇಶಕ್ಕೆ ಮೊದಲು ಅವಳ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುತ್ತವೆ. ಅವಳ ಮಾತು ಕೇಳಿ ಮುಗಿಯುವವರೆಗೆ ಆ ಶಿಕ್ಷಕನನ್ನು ಯಾವ ತಾಲೂಕಿನ ಯಾವ ತರಗತಿಯಲ್ಲೂ ನಿಲ್ಲಿಸಬೇಡಿ. ಕೇಳುವವರಲ್ಲಿ ಹೆಂಗಸರಿರಲಿ. ಅವಳಿಗೆ ಬೇಕಾದವರು ಅವಳ ಪಕ್ಕದಲ್ಲಿರಲಿ, ಬೇಡವಾದವನು ಆ ಊರಿನಲ್ಲೇ ಇರದಿರಲಿ. ಒಂದು ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯುವ ಸಹನೆ ಇರಲಿ. ಶನಿವಾರದ ಮಾತನ್ನು ನನಗೇ ಮರಳಿ ಕೊಡಿ ಎಂದು ಕೇಳುವುದಿಲ್ಲ. ನನಗಿಂತ ಚೆನ್ನಾಗಿ ಮಾತಾಡುವವರಿದ್ದಾರು, ಅವರನ್ನು ಕಳಿಸಿ; ಆದರೆ ಕಳಿಸಿ, ಹುಡುಗರಿಗೂ ಹುಡುಗಿಯರಿಗೂ.

ಈ ಪತ್ರಕ್ಕೂ ತಾವು ಉತ್ತರ ಕೊಡದೆ ಇರಬಹುದು. ತಮ್ಮ ಕಚೇರಿಯ ಪದ್ಧತಿಯ ಪ್ರಕಾರವಾದರೆ ಅದನ್ನು ನಾನು ಸಮ್ಮತಿ ಎಂದೇ ಬರೆದುಕೊಳ್ಳಬೇಕು. ಎಲ್ಲ ಬೇಡಿಕೆಗಳಿಗೂ ಅಧಿಕಾರಿಗಳ ಸಮ್ಮತಿ ಇದ್ದಂತೆ ಕಂಡುಬರುತ್ತದೆ ಎಂದು ಮುಖ್ಯೋಪಾಧ್ಯಾಯರಿಗೆ ತಿಳಿಸಿಬಿಡಬೇಕು. ಆಸೆಯೇನೋ ಆ ಕಡೆಗೇ ಎಳೆಯುತ್ತದೆ. ಆದರೆ ಮಕ್ಕಳಿಗೆ ಬೇರೆ ಹೇಳಿದ್ದೇನೆ. ತಾವು ಬಾಯಿಬಿಟ್ಟು ಹೌದು ಎನ್ನುವವರೆಗೆ ತಾವು ಹೌದು ಎಂದಿಲ್ಲ ಎಂದೇ ತಿಳಿಯುತ್ತೇನೆ.

ಮೊನ್ನೆ ನಾನು ಹೊರಟಾಗ ವೀರವ್ವ ಓಣಿಯ ತಿರುವಿನವರೆಗೆ ಬಂದಳು. ಇನ್ನೊಮ್ಮೆ ಕೇಳಲು ಬಂದರೆ ಹೇಳುತ್ತೀಯಾ ಎಂದು ಕೇಳಿದೆ.

"ಹೇಳ್ತೇನ್ರಿ. ಮನ್ಯಾಗ ಬ್ಯಾಡ. ಸೀರಿ ಉಡೂದಿಲ್ಲ, ಚಹಾ ತರೂದಿಲ್ಲ. ನನಗೂ ಒಂದು ಕುರ್ಚಿ ಹಾಕ್ಬೇಕು. ಕುಂತು ಹೇಳ್ತೇನಿ." ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು: "ಹಾಕ್ತಾರೇನ್ರಿ ಅಕ್ಕಾರ, ಕುರ್ಚಿ?"

ಬಸ್ಸು ಬಂದಿತ್ತು, ಹತ್ತಿಬಿಟ್ಟೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಅದು ತಮ್ಮ ಹತ್ತಿರ ಇದೆ.

ಇಂತಿ,
ಹೇಳಿ ಎಂದು ಮಕ್ಕಳಿಗೆ ಕಲಿಸಿದ, ಕೇಳಿ ಎಂದು ದೊಡ್ಡವರಿಗೆ ಕಲಿಸಲಾಗದ
ಗೋಪಿಕಾಬಾಯಿ